ಎರಡು ಮದುವೆಯಾದ ರಾಣಿ ಕನ್ಯೆಯೆನಿಸಿದ್ದು ಹೇಗೆ?

ಓದುಗರ ಪ್ರಶ್ನೆ: ಇಂಗ್ಲೆಂಡಿನ ಈಲಿ ಮಠವನ್ನು ಸ್ಥಾಪಿಸಿದ ಎಥೆಲ್‌ಥ್ರಿತ್ ರಾಣಿಗೆ ಎರಡು ಬಾರಿ ಮದುವೆಯಾಗಿತ್ತು. ಹಾಗಿದ್ದೂ ಚರ್ಚು ಆಕೆಯನ್ನು ಕನ್ಯಾ ಸಂತಳೆಂದು ಪೂಜಿಸುವುದೇಕೆ? ಇದಕ್ಕೆ ಆಧಾರವೇನಾದರೂ ಇದೆಯೇ?

ಉತ್ತರ: ಆಧಾರವಿದೆ, ಅದರಲ್ಲಿ ಬಹುಪಾಲು ಜಾರೋ ಮಠದ ಸನ್ಯಾಸಿ ಬೀಡ್ 731ರಲ್ಲಿ ಮುಗಿಸಿದ ಚರ್ಚಿನ ಇತಿಹಾಸದಿಂದ ಬಂದದ್ದು. ಎಥೆಲ್‌ಥ್ರಿತ್ ಪೂರ್ವ ಆಂಗ್ಲಿಯಾದ ಅರಸ ಅನ್ನನ ಮಗಳು (ಹೆಸರು ಹೆಣ್ಣಿನದೆನಿಸಿದರೂ ಅನ್ನ ಗಂಡಸೇ). ಆಕೆಯನ್ನು ಮೊದಲು ಟೋಂಡ್‌ಬರ್ಟ್ ಎಂಬ ನಾಯಕನಿಗೆ ಕೊಟ್ಟು ಮದುವೆ ಮಾಡಿದ್ದರು. ಆತ ಸ್ವಲ್ಪ ಕಾಲದಲ್ಲೇ ತೀರಿಕೊಂಡ. 660ರ ಸುಮಾರಿಗೆ ನಾರ್ಥಂಬ್ರಿಯಾದ ರಾಜಕುಮಾರ ಎಕ್‌ಫ್ರಿತ್‌ನೊಡನೆ ಎರಡನೆಯ ಮದುವೆಯಾಯಿತು. ವರನಿಗೆ ಆಗ ಹದಿನೈದರ ಆಸುಪಾಸು. ಅಂದಿನ ರಾಜಮನೆತನಗಳಲ್ಲಿ ಮದುವೆಯೆಂದರೆ ರಾಜ್ಯಗಳ ನಡುವಿನ ಒಪ್ಪಂದವಾಗಿದ್ದರಿಂದ, ಇಲ್ಲಿ ವಧುವಿನ ಇಷ್ಟವನ್ನು ಯಾರಾದರೂ ಕೇಳಿದ್ದರೆಂದು ನಂಬುವುದು ಕಷ್ಟ.

ಎಕ್‌ಫ್ರಿತ್‌ನೊಡನೆ ಹನ್ನೆರಡು ವರ್ಷ ಬಾಳಿದರೂ ಆಕೆ ಕನ್ಯೆಯಾಗಿಯೇ ಉಳಿದಳೆಂದು ಬೀಡ್ ಬರೆಯುತ್ತಾನೆ. ಕೆಲವರು ಇದನ್ನು ಸಂಶಯಿಸುತ್ತಿದ್ದರೆಂಬುದನ್ನೂ ಆತ ಮುಚ್ಚಿಡುವುದಿಲ್ಲ. ಆದ್ದರಿಂದಲೇ ಆತ ಬಿಷಪ್ ವಿಲ್‌ಫ್ರಿಡ್‌ನನ್ನು ನೇರವಾಗಿ ವಿಚಾರಿಸಿದ. ರಾಣಿಯ ಮನವೊಲಿಸಿ ದಾಂಪತ್ಯಕ್ಕೆ ಒಪ್ಪಿಸಿದರೆ ಭೂಮಿಯನ್ನೂ ಹಣವನ್ನೂ ಕೊಡುವೆನೆಂದು ಅರಸನಾದ ಎಕ್‌ಫ್ರಿತ್ ತನಗೆ ಮಾತು ಕೊಟ್ಟಿದ್ದನೆಂದೂ, ಆಕೆಯ ಕನ್ಯತ್ವಕ್ಕೆ ತಾನೇ ಸಾಕ್ಷಿಯೆಂದೂ ಬಿಷಪ್ ಉತ್ತರಿಸಿದ. ಆದರೆ ಈ ಸಾಕ್ಷಿ ನಿರ್ಲಿಪ್ತನಲ್ಲ ಎಂಬುದನ್ನು ನಾವು ಮರೆಯಬಾರದು. ಹೆಕ್ಸಮ್‌ನಲ್ಲಿ ಚರ್ಚು ಕಟ್ಟಲು ಆತನಿಗೆ ಭೂಮಿ ಕೊಟ್ಟವಳು ಇದೇ ರಾಣಿ. ಮುಂದೆ 678ರಲ್ಲಿ ಆತನನ್ನು ಬಿಷಪ್ ಸ್ಥಾನದಿಂದ ಹೊರಹಾಕಿದವನು ಇದೇ ಅರಸ. ಎಕ್‌ಫ್ರಿತ್ ತನ್ನ ಪರವಾಗಿ ಏನು ಹೇಳುತ್ತಿದ್ದನೋ, ಅದನ್ನು ಯಾರೂ ಬರೆದಿಡಲಿಲ್ಲ.

ಕೊನೆಗೆ ಅರಸ ಒಪ್ಪಿದ ಮೇಲೆ ಆಕೆ ಕೋಲ್ಡಿಂಗ್‌ಹ್ಯಾಮ್‌ನಲ್ಲಿ, ಆತನ ಸೋದರತ್ತೆ ಎಬ್ಬ ನಡೆಸುತ್ತಿದ್ದ ಮಠದಲ್ಲಿ, ವಿಲ್‌ಫ್ರಿಡ್‌ನ ಕೈಯಿಂದಲೇ ದೀಕ್ಷೆ ಪಡೆದಳು. ಒಂದು ವರ್ಷದ ಬಳಿಕ, 673ರಲ್ಲಿ, ತವರು ನಾಡಿನ ಜೌಗು ಪ್ರದೇಶದ ನಡುವಿನ ದ್ವೀಪವಾದ ಈಲಿಯಲ್ಲಿ ಸ್ವಂತ ಮಠ ಸ್ಥಾಪಿಸಿದಳು. ನಾರುಬಟ್ಟೆ ಬಿಟ್ಟು ಉಣ್ಣೆ ಉಡುತ್ತಿದ್ದಳು, ಬಹುತೇಕ ದಿನ ಒಂದೇ ಹೊತ್ತು ಉಣ್ಣುತ್ತಿದ್ದಳು, ದೊಡ್ಡ ಹಬ್ಬಗಳ ಮುನ್ನಾದಿನ ಮಾತ್ರ, ಅದೂ ಉಳಿದವರೆಲ್ಲರಿಗೆ ಸ್ನಾನ ಮಾಡಿಸಿದ ಮೇಲೆ, ಬಿಸಿನೀರಿನ ಸ್ನಾನ ಮಾಡುತ್ತಿದ್ದಳು ಎನ್ನುತ್ತಾನೆ ಬೀಡ್.

679ರಲ್ಲಿ ದವಡೆಯ ಕೆಳಗೆ ಎದ್ದ ಗಡ್ಡೆಯಿಂದ ಆಕೆ ತೀರಿಕೊಂಡಳು. ಎಳೆಯ ವಯಸ್ಸಿನಲ್ಲಿ ಹೊತ್ತ ಕಂಠಹಾರಗಳ ಭಾರಕ್ಕೆ ಇದು ಪ್ರಾಯಶ್ಚಿತ್ತವೆಂದು ಸಂತೋಷದಿಂದಲೇ ಹೇಳುತ್ತಿದ್ದಳಂತೆ. ಹದಿನಾರು ವರ್ಷಗಳ ನಂತರ, ಮಠದ ಮುಂದಿನ ಅಧ್ಯಕ್ಷೆಯಾಗಿದ್ದ ಅಕ್ಕತಂಗಿಯರಲ್ಲೊಬ್ಬಳಾದ ಸೆಕ್ಸ್‌ಬರ್ಗ್, ಅಸ್ಥಿಗಳನ್ನು ಚರ್ಚಿನೊಳಕ್ಕೆ ತರಲು ನಿಶ್ಚಯಿಸಿದಳು. ಈಲಿಯಲ್ಲಿ ದೊಡ್ಡ ಕಲ್ಲು ಸಿಗದ ಕಾರಣ ಸನ್ಯಾಸಿಗಳು ದೋಣಿಯೇರಿ ಹೋಗಿ, ಈಗಿನ ಕೇಂಬ್ರಿಜ್ ಬಳಿಯ ಪಾಳು ಪಟ್ಟಣದ ಗೋಡೆಯ ಪಕ್ಕದಲ್ಲಿ ಬಿಳಿ ಅಮೃತಶಿಲೆಯ ಶವಪೆಟ್ಟಿಗೆಯೊಂದನ್ನು ಕಂಡು ತಂದರು. ಸಮಾಧಿ ತೆರೆದಾಗ ದೇಹ ಕೆಡದೇ ಇತ್ತೆನ್ನುತ್ತಾನೆ ಬೀಡ್. ಸಾಯುವ ಮೊದಲು ಆ ಗಡ್ಡೆಯನ್ನು ಕೊಯ್ದಿದ್ದ ವೈದ್ಯ ಕಿನೆಫ್ರಿತ್ ಅಲ್ಲಿಯೇ ಇದ್ದು, ಗಾಯ ಮಾಗಿ ತೆಳುವಾದ ಗುರುತಷ್ಟೇ ಉಳಿದಿತ್ತೆಂದು ಹೇಳಿದನು. ಕೆಡದ ದೇಹವೇ ಕೆಡದ ಕನ್ಯತ್ವಕ್ಕೆ ಕುರುಹೆಂಬುದು ಬೀಡ್‌ನ ವಾದ. ಅಂದಿನವರಿಗೆ ಬಿಷಪ್ಪನ ಮಾತಿಗಿಂತ ಇದೇ ಗಟ್ಟಿಯಾದ ಪ್ರಮಾಣವಾಗಿ ಕಂಡಿದ್ದರೆ ಅಚ್ಚರಿಯಿಲ್ಲ.

ಸಂತಪದವಿಗೆ ಕನ್ಯತ್ವವೇನೂ ಕಡ್ಡಾಯವಾಗಿರಲಿಲ್ಲ. ಸೆಕ್ಸ್‌ಬರ್ಗ್ ಕೆಂಟ್‌ನ ಅರಸ ಎರ್ಕನ್‌ಬರ್ಟ್‌ನ ವಿಧವೆ, ಮಕ್ಕಳ ತಾಯಿ. ಆಕೆಯನ್ನೂ ಜನ ಸಂತಳೆಂದೇ ಪೂಜಿಸಿದರು. ಆದರೂ 970ರಲ್ಲಿ ಬಿಷಪ್ ಎಥೆಲ್‌ವೋಲ್ಡ್ ಈಲಿಯನ್ನು ಸನ್ಯಾಸಿಗಳ ಮಠವಾಗಿ ಮತ್ತೆ ಕಟ್ಟಿದಾಗ ಯಾತ್ರಿಕರನ್ನು ಸೆಳೆದದ್ದು ಎಥೆಲ್‌ಥ್ರಿತ್‌ಳ ಸಮಾಧಿಯೇ. 1541ರಲ್ಲಿ ಅದನ್ನು ಒಡೆದುಹಾಕುವವರೆಗೂ ಅದು ಯಾತ್ರಾಸ್ಥಳವಾಗಿತ್ತು.