108 ಆಂಬುಲೆನ್ಸ್ ಅನ್ನು ಸರ್ಕಾರವೇ ನಡೆಸಬೇಕಾ, ಬೇರೆಯವರಿಗೆ ಕೊಡಬೇಕಾ?

ಓದುಗರ ಪ್ರಶ್ನೆ: ಲಾಭಕ್ಕಿಂತ ಜನರ ಒಳಿತು ಮುಖ್ಯ ಎನ್ನುವ ಸೋಷಿಯಲ್ ಎಂಟರ್‌ಪ್ರೈಸ್‌ಗಳು ಸರ್ಕಾರಕ್ಕಿಂತ ಚುರುಕಾಗಿ ಕೆಲಸ ಮಾಡುತ್ತವೆ. ಹಾಗಿದ್ದ ಮೇಲೆ ಆಂಬುಲೆನ್ಸ್, ಕರೆಂಟ್, ನೀರಿನಂಥ ಸೇವೆಗಳನ್ನು ಪೂರ್ತಿ ಅವರಿಗೇ ಯಾಕೆ ಬಿಟ್ಟುಕೊಡಬಾರದು?

ಉತ್ತರ: ಎಲ್ಲವನ್ನೂ ಬಿಟ್ಟುಕೊಡುವುದು ಬೇಡ. ಕೆಲವು ಸೇವೆಗಳಲ್ಲಿ ಅವರೇ ಮುಂದೆ, ಅದರಲ್ಲಿ ಅನುಮಾನ ಇಲ್ಲ. ಇನ್ನು ಕೆಲವನ್ನು ಅವರು ನಡೆಸಬಹುದು, ಆದರೆ ದುಡ್ಡು ಮತ್ತು ಹೊಣೆ ಎರಡೂ ಸರ್ಕಾರದ್ದೇ ಆಗಿರಬೇಕು. ಯಾವುದು ಯಾವ ಗುಂಪಿಗೆ ಸೇರುತ್ತದೆ ಎಂದು ತಿಳಿಯಲು ಒಂದೇ ವಿಷಯ ನೋಡಿ: ಸೇವೆ ಬೇಕಾದವರು ದುಡ್ಡು ಕೊಡಬಲ್ಲರೇ, ಇವತ್ತಲ್ಲದಿದ್ದರೆ ನಾಳೆ ಎಂದು ಕಾಯಬಲ್ಲರೇ?

ಮೊದಲು ಸೋಲಾರ್ ದೀಪ ತೆಗೆದುಕೊಳ್ಳೋಣ. 1995ರಲ್ಲಿ ನಮ್ಮ ರಾಜ್ಯದಲ್ಲೇ ಶುರುವಾದ ಸೆಲ್ಕೋ ಕಂಪನಿ ಕರೆಂಟ್ ಇಲ್ಲದ ಮನೆಗಳಿಗೆ, ಸಂಜೆ ವ್ಯಾಪಾರ ಮಾಡುವ ತಳ್ಳುಗಾಡಿಗಳಿಗೆ ದೀಪ ಕೊಟ್ಟಿತು. ಅವರ ಜಾಣತನ ಇದ್ದದ್ದು ಪ್ಯಾನೆಲ್‌ನಲ್ಲಿ ಅಲ್ಲ, ಸಾಲದ ಕಂತಿನಲ್ಲಿ. ತರಕಾರಿ ಮಾರುವವರ ಕೈಯಲ್ಲಿ ದಿನಕ್ಕೆ ಹತ್ತು ರೂಪಾಯಿ ಮಿಕ್ಕಬಹುದು, ತಿಂಗಳ ಕೊನೆಗೆ ಮುನ್ನೂರು ಒಟ್ಟಿಗೆ ಇರುವುದಿಲ್ಲ. ಅದಕ್ಕೇ ಗ್ರಾಮೀಣ ಬ್ಯಾಂಕುಗಳ ಜೊತೆ ಕೂತು, ಜನರ ದುಡಿಮೆಗೆ ಹೊಂದುವ ಕಂತು ಮಾಡಿಸಿದರು. ಕೆಟ್ಟರೆ ಮನೆಗೇ ಬಂದು ರಿಪೇರಿ ಮಾಡುವ ಏರ್ಪಾಡನ್ನೂ ಮಾಡಿದರು. ಒಬ್ಬೊಬ್ಬರ ಗಳಿಕೆ ನೋಡಿ ಕಂತು ಬದಲಿಸುವುದು ಸರ್ಕಾರಿ ಇಲಾಖೆಯ ಕೈಲಿ ಆಗುವ ಕೆಲಸ ಅಲ್ಲ. ಅದರ ನಿಯಮ ಎಲ್ಲರಿಗೂ ಒಂದೇ ಇರಬೇಕು, ಅಲ್ವಾ? ಇಂಥ ಕಡೆ ಸಂಸ್ಥೆಗಳೇ ಮಾಡಲಿ.

ಆಂಬುಲೆನ್ಸ್ ಕಥೆ ಬೇರೆ.

ಮುಂಬೈಯಲ್ಲಿ 1298 ಎಂಬ ನಂಬರಿನ ಆಂಬುಲೆನ್ಸ್ ಸೇವೆ ಇತ್ತು. ನಡೆಸುತ್ತಿದ್ದದ್ದು ಝಿಕಿಟ್ಝಾ ಎಂಬ ಕಂಪನಿ. ಅವರ ಲೆಕ್ಕಾಚಾರ ನನಗೆ ಇವತ್ತಿಗೂ ಇಷ್ಟ. ದೊಡ್ಡ ಖಾಸಗಿ ಆಸ್ಪತ್ರೆಗೆ ಹೋಗುವವರಿಂದ ಪೂರ್ತಿ ದರ, ಸರ್ಕಾರಿ ಆಸ್ಪತ್ರೆಗೆ ಹೋಗುವವರಿಂದ ಕಡಿಮೆ ದರ, ಅಪಘಾತದಲ್ಲಿ ಗಾಯಗೊಂಡವರಿಗೆ ಉಚಿತ. ಯಾರು ಬಡವರು ಎಂದು ಕಾರ್ಡ್ ಕೇಳುವ ಗೊಡವೆಯೇ ಇಲ್ಲ. ಯಾವ ಆಸ್ಪತ್ರೆಗೆ ಹೋಗಬೇಕು ಎಂದರೆ ಸಾಕು, ದರ ತೀರ್ಮಾನವಾಗುತ್ತದೆ. 2008ರ ನವೆಂಬರ್ 26ರ ದಾಳಿಯ ರಾತ್ರಿ ಗಾಯಾಳುಗಳನ್ನು ಸಾಗಿಸಿದವರಲ್ಲಿ ಇವರೂ ಇದ್ದರು.

ಆದರೆ ಈ ಲೆಕ್ಕ ನಡೆಯಬೇಕಾದರೆ ಪೂರ್ತಿ ದರ ಕೊಡುವವರು ಊರಲ್ಲಿ ಸಾಕಷ್ಟು ಇರಬೇಕು. ಮುಂಬೈಯಲ್ಲಿ ಇದ್ದಾರೆ. ಒಂದು ಸಣ್ಣ ತಾಲ್ಲೂಕಿನಲ್ಲಿ? ಅಲ್ಲಿ ರಾತ್ರಿ ಎರಡು ಗಂಟೆಗೆ ಹೆರಿಗೆ ನೋವು ಬಂದರೆ ಹೋಗುವುದು ಸರ್ಕಾರಿ ಆಸ್ಪತ್ರೆಗೇ. ಅವರಿಗೆ ಕಾಯುವುದಕ್ಕೂ ಆಗುವುದಿಲ್ಲ, ಬೇರೆ ಗಾಡಿ ಹುಡುಕುವುದಕ್ಕೂ ಆಗುವುದಿಲ್ಲ. ಮುಂದೆ ಆ ಕಂಪನಿಯೇ ಬೇರೆ ಬೇರೆ ರಾಜ್ಯಗಳಲ್ಲಿ 108 ನಡೆಸುವ ಗುತ್ತಿಗೆ ಹಿಡಿಯಿತು. ಅಂದರೆ ಬಡ ಜಿಲ್ಲೆಗಳಿಗೆ ಗಾಡಿ ತಲುಪಿದ್ದು ಸರ್ಕಾರ ದುಡ್ಡು ಕೊಟ್ಟಾಗಲೇ.

ನಮ್ಮ 108ರ ಹಿಂದಿನ ಕಥೆಯಲ್ಲೂ ಇದೇ ಕಾಣುತ್ತದೆ. ಇಎಂಆರ್‌ಐ ಎಂಬ ಲಾಭರಹಿತ ಸಂಸ್ಥೆಯನ್ನು 2005ರಲ್ಲಿ ಹೈದರಾಬಾದಿನಲ್ಲಿ ಶುರು ಮಾಡಿದ್ದು ಸತ್ಯಂ ಎಂಬ ಸಾಫ್ಟ್‌ವೇರ್ ಕಂಪನಿಯ ರಾಮಲಿಂಗ ರಾಜು. ಒಂದೇ ನಂಬರು, ಒಂದೇ ಕಾಲ್ ಸೆಂಟರ್, ಗಾಡಿಯೊಳಗೆ ತರಬೇತಿ ಪಡೆದ ಸಿಬ್ಬಂದಿ. ಈ ವ್ಯವಸ್ಥೆ ಕಟ್ಟಿದ ಶ್ರೇಯ ಆ ಸಂಸ್ಥೆಗೇ ಸಲ್ಲಬೇಕು. ಕರ್ನಾಟಕಕ್ಕೆ ಅದು 2008ರ ನವೆಂಬರ್‌ನಲ್ಲಿ ಆರೋಗ್ಯ ಕವಚ ಎಂಬ ಹೆಸರಲ್ಲಿ ಬಂತು. ಎರಡೇ ತಿಂಗಳಲ್ಲಿ, 2009ರ ಜನವರಿಯಲ್ಲಿ, ಸತ್ಯಂ ಕಂಪನಿ ಸುಳ್ಳು ಲೆಕ್ಕ ತೋರಿಸಿದ್ದ ಹಗರಣ ಹೊರಬಿತ್ತು. ಇಎಂಆರ್‌ಐಗೆ ಆಸರೆಯಾಗಿದ್ದ ರಾಜು ಅವರೇ ಜೈಲು ಸೇರಿದರು. ಆದರೂ ಗಾಡಿಗಳು ನಿಲ್ಲಲಿಲ್ಲ. ನಡೆಸುವ ಖರ್ಚಿನ ಬಹುಪಾಲು ರಾಜ್ಯ ಸರ್ಕಾರಗಳ ಬೊಕ್ಕಸದಿಂದಲೇ ಬರುತ್ತಿತ್ತು. ಅದೇ ವರ್ಷ ಜಿವಿಕೆ ಎಂಬ ಉದ್ಯಮ ಗುಂಪು ಸಂಸ್ಥೆಯ ಹೊಣೆ ಹೊತ್ತುಕೊಂಡಿತು. ಇದೇ ಸೇವೆ ಬರೀ ದಾನಿಗಳ ದುಡ್ಡಿನ ಮೇಲೆ ನಿಂತಿದ್ದರೆ ಏನಾಗುತ್ತಿತ್ತು ಯೋಚಿಸಿ.

ಹಾಗಂತ ದುಡ್ಡು ಕೊಟ್ಟರೆ ಸರ್ಕಾರದ ಕೆಲಸ ಮುಗಿಯಿತು ಎಂದಲ್ಲ. ಎಡವಟ್ಟು ಜಾಸ್ತಿ ಆಗುವುದು ಇಲ್ಲೇ. ಗುತ್ತಿಗೆಯಲ್ಲಿ ಯಾವುದಕ್ಕೆ ಬಿಲ್ ಎಂದು ಬರೆದಿರುತ್ತದೋ ಅದೇ ಬೆಳೆಯುತ್ತದೆ. ಟ್ರಿಪ್ ಲೆಕ್ಕಕ್ಕೆ ದುಡ್ಡು ಕೊಟ್ಟರೆ ಕಾಗದದ ಮೇಲೆ ಟ್ರಿಪ್ ಹೆಚ್ಚುವ ಅಪಾಯ ಇದೆ. ರಾಜಸ್ಥಾನದ 108ರಲ್ಲಿ ಸುಳ್ಳು ಬಿಲ್ ಹಾಕಿದ ಆರೋಪ ಬಂದು 2015ರಲ್ಲಿ ಸಿಬಿಐ ಕೇಸ್ ದಾಖಲಿಸಿತು. ಗಾಡಿಯ ಲೆಕ್ಕಕ್ಕೆ ಕೊಟ್ಟರೆ ಗಾಡಿ ಸುಮ್ನೆ ನಿಂತಿದ್ದರೂ ಬಿಲ್ ಆಗುತ್ತದೆ. ಕರೆ ಬಂದ ಎಷ್ಟು ನಿಮಿಷಕ್ಕೆ ಗಾಡಿ ತಲುಪಿತು ಎಂಬುದಕ್ಕೆ ದುಡ್ಡನ್ನು ಕಟ್ಟಿಹಾಕಬೇಕು. ಅದನ್ನು ಅಳೆಯುವ ಜನ ಇಲಾಖೆಯೊಳಗೇ ಇರಬೇಕು. ಇಲ್ಲದಿದ್ದರೆ ಗುತ್ತಿಗೆದಾರರು ಕೊಟ್ಟ ಅಂಕಿಯನ್ನೇ ನಂಬಬೇಕಾಗುತ್ತದೆ.

ಸಿಬ್ಬಂದಿಯ ಪಾಡಂತೂ ನನಗೆ ತುಂಬಾ ನೋವು ಕೊಡುವ ಸಂಗತಿ. ಸಂಬಳ ಬಂದಿಲ್ಲ ಎಂದು ನಮ್ಮ ರಾಜ್ಯದ 108 ಚಾಲಕರು, ನರ್ಸ್‌ಗಳು ಮುಷ್ಕರದ ಮಾತೆತ್ತಿದ್ದು ಒಂದೆರಡು ಸಲ ಅಲ್ಲ. ನಾವು ಹಣ ಕೊಟ್ಟಾಗಿದೆ ಎಂದು ಇಲಾಖೆ ಹೇಳುತ್ತದೆ, ನಮಗೆ ಪೂರ್ತಿ ಬಂದಿಲ್ಲ ಎಂದು ಸಂಸ್ಥೆ ಹೇಳುತ್ತದೆ. ನಡುವೆ ಮನೆ ಬಾಡಿಗೆ ಕಟ್ಟಲಾಗದೆ ಒದ್ದಾಡುವವರು ಜೀವ ಉಳಿಸುವ ಜನ. ಸಂಬಳ ನೇರವಾಗಿ ಅವರ ಖಾತೆಗೇ ಹೋಗಬೇಕು ಎಂಬ ಷರತ್ತನ್ನು ಗುತ್ತಿಗೆಯಲ್ಲೇ ಬರೆಯಬಹುದು. ಅದು ಅಂಥ ಕಷ್ಟದ ಕೆಲಸ ಏನಲ್ಲ.

ಇನ್ನು ನಿಮ್ಮ ತಾಲ್ಲೂಕಿನ ಸ್ಥಿತಿ ತಿಳಿಯಬೇಕಿದ್ದರೆ ಆರೋಗ್ಯ ಇಲಾಖೆಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ. ಗುತ್ತಿಗೆ ಒಪ್ಪಂದದ ಪ್ರತಿ, ಗಾಡಿಗಳ ಸಂಖ್ಯೆ, ಕಳೆದ ವರ್ಷ ಗಾಡಿ ತಲುಪಲು ಹಿಡಿದ ಸರಾಸರಿ ನಿಮಿಷ, ತಡವಾದದ್ದಕ್ಕೆ ಹಾಕಿದ ದಂಡ, ಇಷ್ಟನ್ನು ಕೇಳಿ. ಇಲಾಖೆ ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಕೊಡಬೇಕು.