ಅಗ್ನಿವೀರನ ವಯಸ್ಸಿನ ಲೆಕ್ಕ

ಬೆಳಗಾವಿ ಊರೊಳಗೆ ಮರಾಠಾ ಲೈಟ್ ಇನ್‌ಫೆಂಟ್ರಿಯ ತರಬೇತಿ ಕೇಂದ್ರ ಇದೆ. ಊರಾಚೆ ಸಾಂಬ್ರಾದಲ್ಲಿ ವಾಯುಪಡೆಯ ಏರ್‌ಮೆನ್ ತರಬೇತಿ ಶಾಲೆ. ಈ ಎರಡು ಗೇಟ್‌ಗಳು ಇಷ್ಟು ಹತ್ತಿರ ಇರುವುದೇ ನನ್ನ ಪಾಲಿಗೆ ತಲೆನೋವು.

ಹೋದ ವಾರ ಒಬ್ಬ ತಾಯಿ ಪ್ಲಾಸ್ಟಿಕ್ ಕವರಿನಲ್ಲಿ ಮಗನ ಮಾರ್ಕ್ಸ್ ಕಾರ್ಡ್ ಹಿಡಿದು ಬಂದರು. ಮಗ ಸೇನೆಯಲ್ಲಿ ಅಗ್ನಿವೀರ, ಅಂದರೆ ಅಗ್ನಿಪಥ ಯೋಜನೆಯಲ್ಲಿ ನಾಲ್ಕು ವರ್ಷಕ್ಕೆಂದು ಸೇರಿದವನು. ನಾಲ್ಕು ವರ್ಷ ಮುಗಿಯಲು ಕೆಲವೇ ತಿಂಗಳಿದೆ. "ಆರ್ಮಿ ಸಾಕಂತ್ರೀ. ಇಲ್ಲೇ ಸಾಂಬ್ರಾ ಐತಲ್ಲ, ಏರ್‌ಫೋರ್ಸಿಗೆ ಹಾಕಿಸಿ ಕೊಡ್ರಿ."

ನಾನು ಸೇನೆಯಲ್ಲಿ ಗುಮಾಸ್ತನಾಗಿದ್ದವನು. ಈ "ಹಾಕಿಸಿ ಕೊಡ್ರಿ" ಕೇಳಿ ಕೇಳಿ ಸಾಕಾಗಿದೆ. ಮೇಷ್ಟ್ರಿಗೆ ಒಂದು ಶಾಲೆಯಿಂದ ಇನ್ನೊಂದಕ್ಕೆ ವರ್ಗ ಆದ ಹಾಗೆ ಅಂದುಕೊಳ್ಳುತ್ತಾರೆ. ಅಗ್ನಿವೀರನಿಗೆ ಒಂದು ಪಡೆಯಿಂದ ಇನ್ನೊಂದಕ್ಕೆ ವರ್ಗ ಇಲ್ಲ. ಹೊಸದಾಗಿ ಅರ್ಜಿ ಹಾಕಬೇಕು. ಹಾಗೆ ಹಾಕಲು ವಯಸ್ಸು ಉಳಿದಿರಬೇಕು, ಅಲ್ವಾ?

2022ರ ಜೂನ್‌ನಲ್ಲಿ ಅಗ್ನಿಪಥ ಘೋಷಣೆಯಾದಾಗ ಇಟ್ಟ ಮಿತಿ ಹದಿನೇಳೂವರೆಯಿಂದ 21. ಎಲ್ಲರಿಗಿಂತ ಚಿಕ್ಕವನನ್ನೇ ತಗೊಳ್ಳಿ. ಹದಿನೇಳೂವರೆ ತುಂಬಿದ ದಿನವೇ ಸೇರಿದ ಅನ್ನಿ. ನಾಲ್ಕು ಕೂಡಿಸಿ. ಇಪ್ಪತ್ತೊಂದೂವರೆ. ಅಂದರೆ ಅತಿ ಚಿಕ್ಕವನೂ ಹೊರಗೆ ಬರುವ ಹೊತ್ತಿಗೆ 21ರ ಗೆರೆ ದಾಟಿರುತ್ತಾನೆ. ಈ ತಾಯಿಯ ಮಗ ಸೇರಿದ್ದು ಹದಿನೆಂಟೂಕಾಲಕ್ಕೆ. ಬರುವಾಗ ಇಪ್ಪತ್ತೆರಡೂಕಾಲು. ಕವರಿನ ಹಿಂದೆಯೇ ಬರೆದು ತೋರಿಸಿದೆ. ಅವರು ನಂಬಲಿಲ್ಲ. ಮತ್ತೊಮ್ಮೆ ಕೂಡಿಸಿದೆವು.

"2022ರಲ್ಲಿ 23 ಮಾಡಿದ್ರಲ್ರೀ?" ಎಂದರು. ಹೌದು. ಕೋವಿಡ್‌ನಿಂದ ಎರಡು ವರ್ಷ ಭರ್ತಿ ನಿಂತಿತ್ತು, ಅದಕ್ಕೆ ಆ ಒಂದು ಸಲ ಕೊಟ್ಟ ರಿಯಾಯಿತಿ. ಮುಂದೆ ಮಿತಿ ಏರಬಹುದು, ಏರದೆಯೂ ಇರಬಹುದು. ಆಯಾ ವರ್ಷದ ಅಧಿಸೂಚನೆ ಏನು ಹೇಳುತ್ತದೋ ಅದೇ ಕೊನೆ. ನನ್ನ ಮಾತೂ ಅದರ ಮುಂದೆ ನಿಲ್ಲುವುದಿಲ್ಲ.

ಕೆಲವು ಹುಡುಗರು ಇನ್ನೂ ಜಾಣರು. 21 ತುಂಬುವ ಮೊದಲೇ ಬಿಟ್ಟು ಬರ್ತೀನಿ ಅನ್ನುತ್ತಾರೆ. ತೀರಾ ವಿಶೇಷ ಕಾರಣ ಇದ್ದು, ಮೇಲಿನವರು ಒಪ್ಪಿದರೆ ಮಾತ್ರ ಮಧ್ಯೆ ಬಿಡಬಹುದು. 'ಏರ್‌ಫೋರ್ಸ್ ಇಷ್ಟ' ಅನ್ನುವುದು ವಿಶೇಷ ಕಾರಣ ಅಲ್ಲ. ರಜೆಗೆ ಬಂದವನು ವಾಪಸ್ ಹೋಗದೆ ಕೂತರೆ ರಿಜಿಸ್ಟರಿನಲ್ಲಿ ಭಗೋಡಾ, ಅಂದರೆ ಓಡಿಹೋದವನು, ಅಂತ ಬೀಳುತ್ತದೆ. ಅಂಥ ಎಂಟ್ರಿಗಳನ್ನು ನಾನೇ ಕೈಯಾರೆ ಬರೆದಿದ್ದೇನೆ. ಒಂದೊಂದನ್ನು ಬರೆಯುವಾಗಲೂ ಹೊಟ್ಟೆ ಉರಿದಿದೆ.

ಇನ್ನು ಶೇ. 25ರ ಮಾತು. ನಾಲ್ಕು ವರ್ಷದ ನಂತರ ಕಾಯಂ ಆಗಿ ಉಳಿಸಿಕೊಳ್ಳುವುದು ಹೆಚ್ಚೆಂದರೆ ಅಷ್ಟು ಜನರನ್ನು, ಅದೂ ಅವರವರ ಪಡೆಯಲ್ಲೇ. ಹಾಗೆ ಕಾಯಂ ಆದವರು ಮತ್ತೆ ಕನಿಷ್ಠ 15 ವರ್ಷ ದುಡಿಯಬೇಕು. ಬಿಎಸ್‌ಎಫ್, ಸಿಆರ್‌ಪಿಎಫ್ ಬೇರೆ ಲೆಕ್ಕ. ಅವು ಗೃಹ ಇಲಾಖೆಗೆ ಸೇರಿದವು. ಅಲ್ಲಿ ಅಗ್ನಿವೀರರಿಗೆ ಮೀಸಲಾತಿ, ವಯಸ್ಸಿನ ಸಡಿಲಿಕೆ ಎರಡೂ ಇವೆ. ಆದರೆ ಪರೀಕ್ಷೆ ಬರೆಯಲೇಬೇಕು. ಕಾನ್‌ಸ್ಟೇಬಲ್ ಪರೀಕ್ಷೆಯನ್ನು 2024ರಿಂದ ಕನ್ನಡದಲ್ಲೂ ಬರೆಯಬಹುದು. ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ.

ಆ ತಾಯಿಯ ಮುಖ ಸಣ್ಣಗಾಯಿತು. ಮಾರ್ಕ್ಸ್ ಕಾರ್ಡ್ ನೋಡಿದೆ. ಪಿಯುಸಿ ಕಾಮರ್ಸ್, ಒಳ್ಳೆಯ ಅಂಕ. "ಡಿಗ್ರಿ ಓದ್ತಿದ್ದಾನಾ?" ಕೇಳಿದೆ. ಸೇವೆಯಲ್ಲಿದ್ದಾಗಲೇ ಇಗ್ನೋ ಮುಕ್ತ ವಿಶ್ವವಿದ್ಯಾಲಯದಲ್ಲಿ ಹೆಸರು ಹಚ್ಚಿದ್ದಾನಂತೆ. ಅಗ್ನಿವೀರರಿಗೆಂದೇ ಅಲ್ಲಿ ಮೂರು ವರ್ಷದ ಡಿಗ್ರಿ ಇದೆ. ಡಿಗ್ರಿಗೆ ಬೇಕಾದ ಕ್ರೆಡಿಟ್‌ಗಳಲ್ಲಿ ಅರ್ಧ ಸೇವೆಯ ತರಬೇತಿಯಿಂದಲೇ ಸಿಗುತ್ತವೆ.

ಹಾಗಾದರೆ ಸಾಂಬ್ರಾ ಬಿಡಿ ಎಂದೆ. ವಾಯುಪಡೆಗೆ ಅಧಿಕಾರಿಯಾಗಿ ಹೋಗಲು ಎಎಫ್‌ಕ್ಯಾಟ್ ಪರೀಕ್ಷೆ ಇದೆ. ವಿಮಾನ ಹಾರಿಸುವ ಶಾಖೆಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಬೇಕು. ಅದು ಇವನಿಗೆ ಆಗದು. ಆದರೆ ಗ್ರೌಂಡ್ ಡ್ಯೂಟಿಯ ಆಡಳಿತ ಶಾಖೆಗೆ ಯಾವ ಡಿಗ್ರಿಯಾದರೂ ಸರಿ, ಶೇ. 60 ಅಂಕ ಬೇಕು. ವಯಸ್ಸು 20ರಿಂದ 26. ಕವರಿನ ಮೇಲೆ ಮತ್ತೆ ಲೆಕ್ಕ ಹಾಕಿದೆವು. ಇಪ್ಪತ್ತೆರಡೂಕಾಲಕ್ಕೆ ಬರುತ್ತಾನೆ. ಡಿಗ್ರಿ ಮುಗಿಸಲು ಎರಡು ವರ್ಷ ಹಿಡಿದರೂ ಸಮಯ ಮಿಗುತ್ತದೆ.

ಸುಲಭ ಅಂತ ನಾನು ಹೇಳುತ್ತಿಲ್ಲ. ಬರೆದು ಪಾಸಾದ ಮೇಲೆ ಐದು ದಿನದ ಸಂದರ್ಶನ ಇದೆ. ಮೈಸೂರಿನಲ್ಲೂ ಅದರ ಒಂದು ಮಂಡಳಿ ಇದೆ. ಅದಕ್ಕೆ ಹೊರಟಿದ್ದ ಒಬ್ಬ ಹುಡುಗನಿಗೆ ನಮ್ಮ ಮನೆಯಲ್ಲೇ ಪ್ರಶ್ನೆ ಕೇಳಿ ಅಭ್ಯಾಸ ಮಾಡಿಸಿದ್ದೆ. ಪ್ರತಿ ಪ್ರಶ್ನೆಗೂ ಅಟೆನ್ಷನ್ ಭಂಗಿಯಲ್ಲಿ ಎದ್ದು ನಿಂತು "ಹೌದು ಸರ್" ಅನ್ನುತ್ತಿದ್ದ. ಅಲ್ಲಿ ಕೇಳುವುದು ನಿನ್ನ ಅಭಿಪ್ರಾಯ ಕಣಪ್ಪ ಎಂದರೆ ಅದಕ್ಕೂ "ಹೌದು ಸರ್".

ತಾಯಿ ಅಲ್ಲೇ ಮಗನಿಗೆ ಫೋನ್ ಹಚ್ಚಿದರು. ಆ ಕಡೆ ಗಾಳಿಯ ಸದ್ದು. ಊಟ ಆಯ್ತಾ, ಚಳಿ ಜಾಸ್ತಿನಾ ಅಂತ ಯಾವುದನ್ನೂ ಕೇಳಲಿಲ್ಲ. "ಎರಡನೇ ವರ್ಷದ ಫೀ ಕಟ್ಟಿಯೇನು?" ಎಂದರು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. "ನೆಟ್‌ವರ್ಕ್ ಇಲ್ಲ ಅವ್ವಾ" ಅಂದ. ನನಗೆ ಮಾತ್ರ ಸ್ಪಷ್ಟವಾಗಿ ಕೇಳಿಸಿತು.