ಎರಡು ರೈಲು ಕಂಪನಿಗಳು ಒಂದಾದರೆ ಹಿರಿಯರು ಯಾರು?

ಪ್ರಶ್ನೆ: ಅಮೆರಿಕದಲ್ಲಿ ರೈಲು ಕಂಪನಿಗಳು ವಿಲೀನವಾದಾಗ, ಬೇರೆ ಬೇರೆ ಯೂನಿಯನ್‌ಗಳಿಗೆ ಸೇರಿದ ಚಾಲಕರ ಸೇವಾ ಜ್ಯೇಷ್ಠತೆಯನ್ನು ತೀರ್ಮಾನಿಸುವವರು ಯಾರು?

ಉತ್ತರ: ಮೊದಲು ಕಂಪನಿಯೂ ಯೂನಿಯನ್‌ಗಳೂ ಕೂತು ಮಾತಾಡಬೇಕು. ಮಾತು ಮುರಿದರೆ ಮಧ್ಯಸ್ಥಗಾರರ ತೀರ್ಪಿಗೆ ಎಲ್ಲರೂ ಬದ್ಧರು.

ಅಲ್ಲಿ ಸರಕು ರೈಲಿನ ಚಾಲಕನ ಬದುಕೇ ಜ್ಯೇಷ್ಠತಾ ಪಟ್ಟಿಯ ಮೇಲೆ ನಿಂತಿದೆ. ಹಗಲು ಪಾಳಿಯ ಯಾರ್ಡ್ ಕೆಲಸ ಹಿರಿಯರ ಪಾಲಾಗುತ್ತದೆ. ಕಿರಿಯನಿಗೆ ನಡುರಾತ್ರಿ ಎರಡು ಗಂಟೆಗೆ ಫೋನ್ ಬರುತ್ತದೆ, ಎದ್ದು ಹೊರಡಬೇಕು. ಸರಕು ಸಾಗಣೆ ಕುಸಿದರೆ ಮೊದಲು ಕೆಲಸ ಕಳೆದುಕೊಳ್ಳುವವನೂ ಅವನೇ.

ಈ ವಿವಾದಗಳಿಗೆ 1979ರ ‘ನ್ಯೂಯಾರ್ಕ್ ಡಾಕ್’ ಷರತ್ತುಗಳೇ ಆಧಾರ; ವಿಲೀನಕ್ಕೆ ಒಪ್ಪಿಗೆ ಕೊಡುವಾಗ ನೌಕರರ ರಕ್ಷಣೆಗಾಗಿ ಸರ್ಕಾರಿ ನಿಯಂತ್ರಕರು ವಿಧಿಸುವ ಷರತ್ತುಗಳಿವು. ಬ್ರೂಕ್ಲಿನ್‌ನ ಒಂದು ಪುಟ್ಟ ರೈಲು ಕಂಪನಿಯ ಹೆಸರು ದೇಶದ ದೊಡ್ಡ ವಿಲೀನಗಳಿಗೂ ಅಂಟಿಕೊಂಡಿತು. ಬದಲಾವಣೆಗೆ 90 ದಿನ ಮೊದಲೇ ನೋಟಿಸ್ ಕೊಡಬೇಕು. 30 ದಿನ ಮಾತುಕತೆ ನಡೆದೂ ಫಲ ಸಿಗದಿದ್ದರೆ ಎರಡರಲ್ಲಿ ಯಾವ ಪಕ್ಷ ಬೇಕಾದರೂ ಮಧ್ಯಸ್ಥಿಕೆ ಕೇಳಬಹುದು. ಮಧ್ಯಸ್ಥಗಾರ ಯಾರೆಂಬುದರಲ್ಲೂ ಒಮ್ಮತ ಮೂಡದಿದ್ದರೆ ರಾಷ್ಟ್ರೀಯ ಮಧ್ಯಸ್ಥಿಕೆ ಮಂಡಳಿ ನೇಮಿಸುತ್ತದೆ. ವಿಚಾರಣೆ ಆರಂಭವಾದ 30 ದಿನಗಳೊಳಗೆ ತೀರ್ಪು ಬರಬೇಕು.

ಇಂಥಲ್ಲಿ ಒಂದೇ ಪಕ್ಷದ ಮಾತು ಕೇಳಿದರೆ ಏನಾಗುತ್ತದೆ ಎಂಬುದಕ್ಕೆ ಇನ್ನೊಂದು ಬಗೆಯ ವ್ಯಾಜ್ಯ ನೋಡಿ. ಯೂನಿಯನ್ ಪೆಸಿಫಿಕ್ ಕಂಪನಿ ಐಬಿಎಂ ಯಂತ್ರಗಳನ್ನು ತಂದು, ಅವುಗಳ ಕೆಲಸವನ್ನು ಗುಮಾಸ್ತರಿಗೆ ಕೊಟ್ಟಿತು. ಅದು ತಮ್ಮದೆಂದು ಟೆಲಿಗ್ರಾಫ್ ನೌಕರರ ಯೂನಿಯನ್ ಪಟ್ಟು ಹಿಡಿಯಿತು. ಗುಮಾಸ್ತರ ಯೂನಿಯನ್ ಭಾಗವಹಿಸದೆಯೇ ರೈಲ್ವೆ ವ್ಯಾಜ್ಯ ಮಂಡಳಿ ಟೆಲಿಗ್ರಾಫ್ ನೌಕರರ ಪರ ತೀರ್ಪಿತ್ತಿತು. ನಾಳೆ ಗುಮಾಸ್ತರೂ ಹೋಗಿ ಗೆದ್ದುಬಂದರೆ? ಎರಡೂ ಯೂನಿಯನ್‌ಗಳು ಕಂಪನಿಯೊಂದಿಗೆ ಮಾಡಿಕೊಂಡ ಒಪ್ಪಂದಗಳನ್ನು ಎದುರಿಗಿಟ್ಟು ಒಂದೇ ವಿಚಾರಣೆಯಲ್ಲಿ ಬಗೆಹರಿಸಬೇಕೆಂದು 1966ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸರಿಯಾಗಿಯೇ ಹೇಳಿತು.

ಮತ್ತೆ ಪಟ್ಟಿಗೆ ಬರೋಣ. ಸೇರಿದ ದಿನಾಂಕದ ಪ್ರಕಾರ ಎರಡೂ ಕಂಪನಿಗಳ ಪಟ್ಟಿಗಳನ್ನು ಹೆಣೆದುಬಿಡಬಹುದಲ್ಲ? ಮೇಲ್ನೋಟಕ್ಕೆ ನ್ಯಾಯವೇ. ಆದರೆ 1998ರಲ್ಲಿ ಸೇರಿದವನು ಒಂದು ಕಂಪನಿಯಲ್ಲಿ ಹತ್ತನೆಯವನು, ಹಳಬರೇ ತುಂಬಿರುವ ಇನ್ನೊಂದರಲ್ಲಿ ಅದೇ ವರ್ಷ ಸೇರಿದವನು ಇನ್ನೂರನೆಯವನು ಎಂದಿಟ್ಟುಕೊಳ್ಳಿ. ಹೆಣೆದ ಮರುದಿನವೇ ಮೊದಲನೆಯವನು ಇನ್ನೂರರ ಆಚೆಗೆ ಕುಸಿಯುತ್ತಾನೆ. ಅವನು ತಪ್ಪೇನೂ ಮಾಡಿಲ್ಲ, ಆದರೂ ನಡುರಾತ್ರಿಯ ಫೋನ್ ಮತ್ತೆ ಅವನ ಮನೆಗೇ.

ಆದ್ದರಿಂದ ಪಟ್ಟಿಯನ್ನು ಒಂದು ಮಾಡಿದರೂ, ಆಯಾ ಹಳೆಯ ಕಂಪನಿಯ ಮಾರ್ಗದ ಕೆಲಸಗಳಲ್ಲಿ ಆ ಕಂಪನಿಯ ಹಳಬರಿಗೇ ಮೊದಲ ಹಕ್ಕು ಉಳಿಸುವುದುಂಟು. ಕಂಪನಿಗೆ ಇದು ತೊಡಕು, ನನಗೆ ಮಾತ್ರ ಇದೇ ನ್ಯಾಯವೆನಿಸುತ್ತದೆ. ವಿಲೀನದ ನಂತರ ಸೇರಿದವರಿಗೆ ಈ ಹಕ್ಕಿಲ್ಲ. ಹಳಬರು ಒಬ್ಬೊಬ್ಬರಾಗಿ ನಿವೃತ್ತರಾದಂತೆ ಅದೂ ಕರಗುತ್ತಾ ಹೋಗುತ್ತದೆ.